ಹೊರಡಲೊಲ್ಲದ ಮೋಟಾರು

ಗದಗಿನ ಸೀಮೆಯ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಲಕ್ಕುಂಡಿಯ ಬಸದಿಗಳತ್ತ, ಲಕ್ಷ್ಮೇಶ್ವರದ ಸೋಮೇಶ್ವರ ದೇಗುಲದತ್ತ, ವೀರನಾರಾಯಣನ ಗುಡಿಯತ್ತ ಓಡುವುದು ಸಹಜ. ಕವಿರಾಜಮಾರ್ಗವು ತಿರುಳುಗನ್ನಡದ ನಾಡಿನ ಊರುಗಳಲ್ಲಿ ಒಂದೆಂದು ಹೆಸರಿಸಿದ ಪುಲಿಗೆರೆ ಇಂದಿನ ಲಕ್ಷ್ಮೇಶ್ವರವೇ. ಕನ್ನಡ ಪಂಡಿತನಾದವನು ಈ ನೆಲದಲ್ಲಿ ಕಾಲಿಟ್ಟರೆ ಶಾಸನದ ಕಲ್ಲನ್ನು ಬಿಟ್ಟು ಬೇರೇನನ್ನೂ ಕಾಣಲಾರನೆಂಬ ಅಪವಾದ ನಮ್ಮ ವರ್ಗಕ್ಕೆ ಮೊದಲಿನಿಂದಲೂ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ವಾಚಕರೇ, ಕಬ್ಬಿಣ, ಸೀಸ, ಗಂಧಕಾಮ್ಲಗಳಿಂದ ಬರೆದ ಇನ್ನೊಂದು ಚರಿತ್ರೆಯೂ ಈ ದಾರಿಗಳ ಮೇಲೆ ನಡೆದಿದೆ. ಮೋಟಾರು ಏಕೆ ಹೊರಡಲೊಲ್ಲದು ಎಂಬ ಒಂದೇ ಪ್ರಶ್ನೆಯ ಸುತ್ತ ಅದು ಬೆಳೆದಿದೆ. ನಿಮ್ಮ ಮನೆಯ ಮುಂದೆ ನಿಂತಿರುವ ಕಾರು ಒಂದು ಮುಂಜಾನೆ ಹಟ ಹಿಡಿದು ನಿಂತಾಗ ನೀವೂ ಆ ಪ್ರಶ್ನೆಯನ್ನು ಕೇಳಿಯೇ ಇರುತ್ತೀರಿ.

ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗೆ ವಿಶೇಷವಾದ ತೂಕವಿತ್ತು. ಗದಗಿಗೆ ರೈಲು ಬಂದದ್ದು ೧೮೮೪ರಲ್ಲಿ. ಹೋಟಗಿಯ ಕಡೆಯಿಂದ ಇಳಿದು ಬಂದ ಆ ಮೀಟರ್ ಗೇಜ್ ದಾರಿಯು ಗದಗ-ಬೆಟಗೇರಿಯನ್ನು ಹತ್ತಿಯ ಪೇಟೆಯನ್ನಾಗಿ ಬೆಳೆಸಿತು. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ರೈಲು ಮುಟ್ಟಲಿಲ್ಲ. ಕಪ್ಪತಗುಡ್ಡದ ಆ ಕಡೆ ಈ ಕಡೆ ಹಬ್ಬಿದ ಎರೆ ಭೂಮಿಯಲ್ಲಿ ಚಕ್ಕಡಿಯ ನಂತರ ಬಂದದ್ದು ನೇರವಾಗಿ ಮೋಟಾರೇ. ಆ ದಾರಿಗಳ ಒಡೆತನವೂ ವಿಚಿತ್ರವಾಗಿತ್ತು. ಗದಗು, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಮುಂಡರಗಿಯನ್ನು ದಾಟಿ ಪೂರ್ವಕ್ಕೆ ಹೋದರೆ ಕೊಪ್ಪಳ ನಿಜಾಮನ ಸೀಮೆ. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಒಂದೇ ದಿನದ ಪ್ರಯಾಣದಲ್ಲಿ ಮೋಟಾರೊಂದು ಮೂರು ನಾಲ್ಕು ಸರಕಾರಗಳ ನೆಲವನ್ನು ತುಳಿಯಬಹುದಾಗಿತ್ತು. ಗದಗಿನಿಂದ ಇಪ್ಪತ್ತೈದು ಮೈಲಿ ಆಸುಪಾಸಿನ ಈ ಊರುಗಳ ರೋಗಿಗೋ ಗರ್ಭಿಣಿಗೋ ದವಾಖಾನೆಯ ದಾರಿಯೆಂದರೆ ಮೋಟಾರಿನ ದಾರಿ. ಅದು ಹೊರಡದಿದ್ದರೆ ಮತ್ತೆ ಎತ್ತುಗಳನ್ನೇ ಹೂಡಬೇಕು.

ಪೆಟ್ರೋಲಿನ ಯಂತ್ರಕ್ಕೆ ಒಂದು ಜನ್ಮದೋಷವಿದೆ. ಉಗಿಯ ಯಂತ್ರವು ಉಗಿ ತುಂಬಿದೊಡನೆ ತಾನೇ ನಡೆಯತೊಡಗುತ್ತದೆ. ವಿದ್ಯುತ್ ಯಂತ್ರಕ್ಕೆ ಗುಂಡಿ ಒತ್ತಿದರೆ ಸಾಕು. ಪೆಟ್ರೋಲಿನ ಯಂತ್ರವನ್ನು ಮಾತ್ರ ಮೊದಲು ಯಾರಾದರೂ ತಿರುಗಿಸಬೇಕು. ಹಾಗೆ ತಿರುಗಿಸಿದರೆ ಒಳಗೆ ಗಾಳಿ ಪೆಟ್ರೋಲುಗಳ ಮಿಶ್ರಣವು ಎಳೆಯಲ್ಪಟ್ಟು, ಒತ್ತಲ್ಪಟ್ಟು, ಕಿಡಿ ತಗಲಿದಾಗ ಹೊತ್ತಿಕೊಂಡು ಕೊಂತವನ್ನು ನೂಕುತ್ತದೆ. ಅಲ್ಲಿಂದ ಮುಂದೆ ಯಂತ್ರ ಸ್ವತಂತ್ರ. ಆ ಮೊದಲ ಸುತ್ತಿಗಾಗಿ ಮೋಟಾರಿನ ಮೂತಿಯ ಕೆಳಗೆ ಒಂದು ತೂತು, ಆ ತೂತಿಗೆ ಒಂದು ಡೊಂಕು ಕಬ್ಬಿಣದ ಹ್ಯಾಂಡಲ್ಲು. ಹಳೆಯ ಮೋಟಾರುಗಳಲ್ಲಿ ಕಿಡಿಯು ಬಹುಮಟ್ಟಿಗೆ ಮ್ಯಾಗ್ನೆಟೊ ಎಂಬ ಕಾಂತಯಂತ್ರದಿಂದ ಹುಟ್ಟುತ್ತಿತ್ತು. ಜರ್ಮನಿಯ ಬಾಷ್ ಸಂಸ್ಥೆಯು ೧೯೦೨ರಲ್ಲಿ ಅದರ ಉಚ್ಚ ಒತ್ತಡದ ಮಾದರಿಯನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿತು. ಹೀಗಾಗಿ ಬ್ಯಾಟರಿಯೇ ಇಲ್ಲದೆ ಮೋಟಾರು ನಡೆಯುವುದು ಸಾಧ್ಯವಿತ್ತು. ಬೇಕಾದದ್ದು ತೋಳಿನ ಬಲ ಮಾತ್ರ.

ತೋಳಿನ ಬಲದ ಜೊತೆಗೆ ಎಚ್ಚರವೂ ಬೇಕಾಗಿತ್ತು. ಕಿಡಿಯು ಹೊತ್ತಿಗೆ ಮುಂಚೆ ಬಿದ್ದರೆ ಯಂತ್ರವು ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ಲು ಕೈಯಲ್ಲಿಯೇ ತಿರುಗಿ ಮಣಿಕಟ್ಟನ್ನು ಮುರಿಯುತ್ತದೆ. ಅದಕ್ಕಾಗಿ ಹಿರಿಯ ಡ್ರೈವರುಗಳು ಶಿಷ್ಯನಿಗೆ ಮೊದಲು ಕಲಿಸುತ್ತಿದ್ದ ಪಾಠ ಹೆಬ್ಬೆರಳಿನದು: ಹೆಬ್ಬೆರಳು ಹ್ಯಾಂಡಲ್ಲನ್ನು ಸುತ್ತಿ ಹಿಡಿಯಬಾರದು, ಉಳಿದ ನಾಲ್ಕು ಬೆರಳುಗಳ ಮಗ್ಗುಲಲ್ಲಿಯೇ ಇರಬೇಕು, ಹ್ಯಾಂಡಲ್ಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಕೆಳಕ್ಕೆ ಒತ್ತಬಾರದು, ಅದಕ್ಕೂ ಮೊದಲು ಕಿಡಿಯನ್ನು ತಡವಾಗಿಸುವ ಹಿಡಿಕೆಯನ್ನು ಸರಿಸಿರಬೇಕು. ಮುಂಗೈಯ ಹೊರ ಎಲುಬಿನ ತುದಿ ಒಡೆಯುವ ಒಂದು ಬಗೆಯ ಗಾಯವನ್ನು ಎಲುಬಿನ ವೈದ್ಯರು ಇಂದಿಗೂ 'ಶೋಫರನ ಮುರಿತ' ಎಂದೇ ಕರೆಯುತ್ತಾರೆ. ಹ್ಯಾಂಡಲ್ಲು ಹೋಯಿತು, ಅದರ ಹೆಸರಿನ ಗಾಯ ವೈದ್ಯಗ್ರಂಥದಲ್ಲಿ ಉಳಿಯಿತು. ಶೋಫರ್ ಎಂಬ ಫ್ರೆಂಚ್ ಮಾತಿನ ಮೂಲಾರ್ಥ ಬೆಂಕಿ ಕಾಯಿಸುವವನು ಎಂದು. ಉಗಿಯ ಕಾಲದ ಹೆಸರನ್ನು ಪೆಟ್ರೋಲಿನ ಕಾಲದವನು ಹೊತ್ತುಕೊಂಡನು. ಭಾಷೆ ಯಂತ್ರಕ್ಕಿಂತ ನಿಧಾನವಾಗಿ ನಡೆಯುತ್ತದೆಯೆಂಬುದಕ್ಕೆ ಇಂಥ ಸಾಕ್ಷಿಗಳು ಬಹಳ.

ಬ್ಯಾಟರಿ ಎಂಬ ಮಾತಿನದೂ ಹೀಗೆಯೇ. ಅದು ಮೊದಲಿಗೆ ಸಾಲಾಗಿ ನಿಲ್ಲಿಸಿದ ತೋಪುಗಳ ಹೆಸರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ೧೭೪೦ರ ದಶಕದ ಕೊನೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ ಆ ಹೆಸರಿಟ್ಟನು. ಇಟಲಿಯ ವೋಲ್ಟಾ ೧೮೦೦ರಲ್ಲಿ ತನ್ನ ಲೋಹದ ಬಿಲ್ಲೆಗಳ ಕಂಬವನ್ನು ಲೋಕಕ್ಕೆ ತೋರಿಸಿದನು. ಆದರೆ ಅವನ ಕಂಬ ಒಮ್ಮೆ ದಣಿದರೆ ಮುಗಿಯಿತು. ಬರಿದಾದ ಮೇಲೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ೧೮೫೯ರಲ್ಲಿ ಮಾಡಿದವನು ಫ್ರಾನ್ಸಿನ ಗಾಸ್ತೊನ್ ಪ್ಲಾಂತೆ. ಎರಡು ಸೀಸದ ತಗಡುಗಳನ್ನು ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ ಗಂಧಕಾಮ್ಲದ ನೀರಿನಲ್ಲಿ ಅದ್ದಿದನು, ಅಷ್ಟೇ. ೧೮೮೧ರಲ್ಲಿ ಅವನ ದೇಶದವನೇ ಆದ ಕಾಮಿಯ್ ಫೋರ್ ತಗಡಿಗೆ ಸೀಸದ ಲೇಪ ಬಳಿದು ಅದರ ಶಕ್ತಿಯನ್ನು ಹೆಚ್ಚಿಸಿದನು. ಇಂದು ನಿಮ್ಮ ಕಾರಿನಲ್ಲಿ ಕೂತಿರುವುದು ಬಹುಮಟ್ಟಿಗೆ ಇದೇ ವಸ್ತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮೂಲರೂಪ ಬದಲಿಸದೆ ಬಾಳಿದ ಇಂಥ ಯಂತ್ರಭಾಗ ಮೋಟಾರಿನಲ್ಲಿ ಮತ್ತೊಂದು ಸಿಗುವುದು ಕಷ್ಟ.

ಅದರ ಒಳಗುಟ್ಟು ಬಲು ಸರಳ. ಒಂದು ಫಲಕ ಸ್ಪಂಜಿನಂಥ ಸೀಸ, ಇನ್ನೊಂದು ಸೀಸದ ಪೆರಾಕ್ಸೈಡು. ಕರೆಂಟು ಹೊರಗೆ ಹರಿದಂತೆ ಎರಡೂ ಫಲಕಗಳು ಆಮ್ಲದೊಳಗಿನ ಗಂಧಕದ ಅಂಶವನ್ನು ಹೀರಿ ಸೀಸದ ಸಲ್ಫೇಟು ಆಗುತ್ತವೆ, ಆಮ್ಲವು ತೆಳುವಾಗಿ ನೀರಿನ ಕಡೆಗೆ ತಿರುಗುತ್ತದೆ. ಕರೆಂಟನ್ನು ತಿರುಗಿ ಒಳಗೆ ಹರಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಒಂದೊಂದು ಕೋಣೆಯ ಒತ್ತಡ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಅಂಥ ಆರು ಕೋಣೆ ಸೇರಿದರೆ ನಾವು ಹನ್ನೆರಡು ವೋಲ್ಟಿನದು ಎನ್ನುವ ಬ್ಯಾಟರಿ. ತುಂಬಿದಾಗ ಅದು ನಿಜವಾಗಿ ೧೨.೬ ವೋಲ್ಟಿನ ಸಮೀಪ ತೋರಿಸುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ತಿಂಗಳುಗಟ್ಟಲೆ ಇಟ್ಟರೆ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟುತ್ತದೆ, ಮತ್ತೆ ಕರಗಲೊಲ್ಲದು. ಊರಿಗೆ ಹೋಗಿ ಬಂದು ಕಾರು ನಿಂತುಹೋಯಿತೆಂದು ದೂರುವವರ ಬ್ಯಾಟರಿಗೆ ಆಗಿರುವುದು ಬಹುಶಃ ಇದೇ.

ಹ್ಯಾಂಡಲ್ಲಿನ ಕೆಲಸವನ್ನು ಬ್ಯಾಟರಿಗೆ ವಹಿಸಿದ ಮನುಷ್ಯ ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಬೈರನ್ ಕಾರ್ಟರ್ ಎಂಬ ಮೋಟಾರು ತಯಾರಕನು ಹ್ಯಾಂಡಲ್ಲಿನ ಒದೆ ತಿಂದು, ಆ ಗಾಯದ ಬೆನ್ನಲ್ಲೇ ೧೯೦೮ರಲ್ಲಿ ತೀರಿಕೊಂಡನೆಂದೂ, ಅದರಿಂದ ನೊಂದ ಕ್ಯಾಡಿಲಾಕ್ ಸಂಸ್ಥೆಯ ಹೆನ್ರಿ ಲೆಲಂಡನು ಹ್ಯಾಂಡಲ್ಲನ್ನು ಕಿತ್ತೆಸೆಯುವ ಪಣ ತೊಟ್ಟನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ನಮ್ಮ ಸ್ಥಳಪುರಾಣಗಳಂತೆ ಇದಕ್ಕೂ ಬಣ್ಣ ಕಟ್ಟಿದವರು ಅನೇಕರು. ಕಥೆಯ ಬಣ್ಣ ಏನೇ ಇರಲಿ, ಕೆಟರಿಂಗನ ಯುಕ್ತಿ ಮಾತ್ರ ಅಸಲಿ. ಯಂತ್ರವನ್ನು ತಿರುಗಿಸಬಲ್ಲ ವಿದ್ಯುತ್ ಮೋಟಾರು ಬಹಳ ದೊಡ್ಡದಾಗಿರಬೇಕು, ಅದನ್ನು ಕಾರಿನಲ್ಲಿ ಹೊರಲಾಗದು ಎಂದು ಆಗಿನ ಪಂಡಿತರು ಲೆಕ್ಕ ಹಾಕಿದ್ದರು. ಕೆಟರಿಂಗ್ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ವಿದ್ಯುತ್ತಿನಿಂದ ತೆರೆಯುವ ಯಂತ್ರವನ್ನು ಮಾಡಿ ಪಳಗಿದವನು. ಕೆಲವೇ ಕ್ಷಣ ದುಡಿಯುವ ಮೋಟಾರು ಚಿಕ್ಕದಿದ್ದರೂ ತನ್ನ ಶಕ್ತಿಗೆ ಮೀರಿ ದುಡಿಯಬಲ್ಲದು, ದುಡಿದು ತಣ್ಣಗಾಗಲು ಅದಕ್ಕೆ ದಿನವೆಲ್ಲ ಬಿಡುವಿದೆ ಎಂಬುದನ್ನು ಅವನು ಅರಿತಿದ್ದನು. ೧೯೧೨ರ ಕ್ಯಾಡಿಲಾಕ್ ಕಾರುಗಳು ಆ ಸಾಧನದೊಡನೆ ಹೊರಬಂದವು. ಈ ಹೊತ್ತಿಗೂ ಸ್ಟಾರ್ಟರು ಎಂಬುದು ಕೆಲಕ್ಷಣದ ಕುಸ್ತಿಪಟುವೇ. ಒಂದೇ ಸಮನೆ ಅರ್ಧ ನಿಮಿಷ ಕೀಲಿ ತಿರುಗಿಸಿ ಹಿಡಿಯುವವರು ಕೆಟರಿಂಗನ ಲೆಕ್ಕವನ್ನು ಮರೆತವರು. ಐದಾರು ಸೆಕೆಂಡು ಪ್ರಯತ್ನಿಸಿ ಅರ್ಧ ನಿಮಿಷ ಬಿಡುವು ಕೊಡುವುದು ಸರಿಯಾದ ಕ್ರಮ.

ಇಲ್ಲೊಂದು ವಿಪರ್ಯಾಸವಿದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ಪೇಟೆಗಳಲ್ಲಿ ವಿದ್ಯುತ್ ಕಾರುಗಳು ಧಾರಾಳವಾಗಿ ಓಡುತ್ತಿದ್ದವು. ಹ್ಯಾಂಡಲ್ಲು ತಿರುಗಿಸುವ ಹಂಗಿಲ್ಲವೆಂದು ಹೆಂಗಸರು ಅವನ್ನು ಮೆಚ್ಚುತ್ತಿದ್ದರು. ಪೆಟ್ರೋಲು ಕಾರಿನ ರಾಜನಾದ ಹೆನ್ರಿ ಫೋರ್ಡನ ಹೆಂಡತಿಯೇ ೧೯೧೪ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು ನಡೆಸುತ್ತಿದ್ದಳು. ಫೋರ್ಡನ ಮಾದರಿ 'ಟಿ' ಕಾರಿಗೆ ಕಾರ್ಖಾನೆಯಿಂದಲೇ ಸ್ಟಾರ್ಟರು ಸಿಗತೊಡಗಿದ್ದು ೧೯೧೯ರಲ್ಲಿ. ಪೆಟ್ರೋಲು ಕಾರಿನ ಹೊಟ್ಟೆಯೊಳಗೆ ಸೇರಿದ ಒಂದು ಬ್ಯಾಟರಿ, ಬ್ಯಾಟರಿ ಕಾರುಗಳನ್ನು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೀದಿಯಿಂದ ಓಡಿಸಿತು.

ನಮ್ಮ ದೇಶದಲ್ಲಿ ಫೋರ್ಡ್ ಸಂಸ್ಥೆ ೧೯೨೬ರಲ್ಲಿಯೂ ಜನರಲ್ ಮೋಟರ್ಸ್ ೧೯೨೮ರಲ್ಲಿ ಮುಂಬಯಿಯ ಶಿವಡಿಯಲ್ಲಿಯೂ ಬಿಡಿಭಾಗಗಳನ್ನು ತರಿಸಿ ಮೋಟಾರು ಜೋಡಿಸತೊಡಗಿದವು. ಮುಂಬಯಿ ಪ್ರಾಂತದ ಬಾಲದಂತಿದ್ದ ನಮ್ಮ ಧಾರವಾಡ ಜಿಲ್ಲೆಗೆ ಮೋಟಾರೂ ಅದರ ಬಿಡಿಭಾಗವೂ ಬರುವ ದಾರಿ ಮುಂಬಯಿಯದೇ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಶನ್ನು ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ಒಲೆ ಹೊತ್ತಿಸಿ, ಗಾಳಿ ಊದಿ, ಗ್ಯಾಸು ತಯಾರಾಗುವವರೆಗೆ ಪ್ರಯಾಣಿಕರು ಬುತ್ತಿ ಬಿಚ್ಚಿ ಕೂಡಬಹುದಾಗಿತ್ತು. ಸ್ವಾತಂತ್ರ್ಯದ ನಂತರ ಭಾಗಗಳು ಇಲ್ಲಿಯೇ ಆಗತೊಡಗಿದವು. ಬಂಗಾಲದ ಶ್ಯಾಮನಗರದಲ್ಲಿ ಎಕ್ಸೈಡ್ ಬ್ಯಾಟರಿಯ ಕಾರ್ಖಾನೆ ೧೯೪೬ರಲ್ಲಿಯೇ ನಿಂತಿತ್ತು. ಬೆಂಗಳೂರಿನಲ್ಲಿ ೧೯೫೧ರಲ್ಲಿ ಹುಟ್ಟಿದ ಮೈಕೊ ಸ್ಪಾರ್ಕ್ ಪ್ಲಗ್ಗು ಮಾಡಿತು. ಮದರಾಸಿನಲ್ಲಿ ಲ್ಯೂಕಸ್-ಟಿವಿಎಸ್ ಸಂಸ್ಥೆ ೧೯೬೦ರ ದಶಕದಲ್ಲಿ ಸ್ಟಾರ್ಟರು, ಡೈನಮೊಗಳನ್ನು ಮಾಡತೊಡಗಿತು. ಅಂಬಾಸಡರ್ ಕಾರಿಗೂ ಜೀಪಿಗೂ ಸ್ಟಾರ್ಟರು ಇದ್ದೇ ಇತ್ತು, ಆದರೂ ಮೂತಿಯಲ್ಲಿ ಹ್ಯಾಂಡಲ್ಲಿನ ತೂತನ್ನು ಉಳಿಸಿದ್ದರು. ನಮ್ಮಂಥ ಸೀಮೆಯನ್ನು ಕಂಡು ಮಾಡಿದ ಜಾಣತನವೆಂದು ನಾನು ಅದನ್ನು ಮೆಚ್ಚುತ್ತೇನೆ. ಎರೆ ಹೊಲದ ನಡುವೆ ಬ್ಯಾಟರಿ ಇಳಿದರೆ ಕಂಪನಿಯ ಕಾಗದ ಪತ್ರ ಓಡಿ ಬರುವುದಿಲ್ಲ.

ರೇಡಿಯೋ ಇಟ್ಟುಕೊಂಡ ಮನೆಯವರಾದ ನಿಮಗೆ ಬ್ಯಾಟರಿಯ ಇನ್ನೊಂದು ಉಪಕಾರವನ್ನು ನೆನಪಿಸಬೇಕು. ಧಾರವಾಡದ ಆಕಾಶವಾಣಿ ೧೯೫೦ರ ಜನವರಿ ೮ರಂದು ಮಾತಾಡತೊಡಗಿದಾಗ ವಿದ್ಯುತ್ತಿನ ಕಂಬ ಕಾಣದ ಹಳ್ಳಿಗಳೇ ಹೆಚ್ಚು. ಅಲ್ಲಿ ಕವಾಟದ ರೇಡಿಯೋ ನಡೆಯುತ್ತಿದ್ದುದು ಬ್ಯಾಟರಿಯ ಮೇಲೆ. ಮೋಟಾರಿನ ಆರು ವೋಲ್ಟಿನ ಬ್ಯಾಟರಿಗೇ ಜೋಡಿಸುವ ಮಾದರಿಗಳೂ ಇದ್ದವು. ಅದು ಇಳಿದಾಗ ಪೇಟೆಗೆ ಹೊತ್ತು ತಂದು ಚಾರ್ಜಿಗೆ ಇಟ್ಟು ಮರಳಿ ಒಯ್ಯಬೇಕು. ಮೋಟಾರು ಮತ್ತು ರೇಡಿಯೋಗಳ ನಡುವೆ ಜಗಳವೂ ಇತ್ತು. ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ಆಕಾಶವಾಣಿ. ಅದರ ಅಲೆ ಗಾಳಿಯಲ್ಲಿ ಹರಡುತ್ತದೆ. ಸಂಗೀತದ ಆಲಾಪದ ನಡುವೆ ಟಪಟಪ ಸದ್ದು ಕೇಳಿದರೆ ಬೀದಿಯಲ್ಲಿ ತಡೆಯಿಲ್ಲದ ಪ್ಲಗ್ಗಿನ ಮೋಟಾರೊಂದು ಹೋಯಿತೆಂದು ತಿಳಿಯಬಹುದಾಗಿತ್ತು.

ಇನ್ನು ರೋಗಪರೀಕ್ಷೆ. ನಮ್ಮ ಕಡೆಯ ಗ್ಯಾರೇಜಿನ ಉಸ್ತಾದನು ಮೊದಲು ಕೇಳುವುದು ಕಿವಿಯಿಂದ. 'ಸೆಲ್ಫ್ ತೊಗೊಳ್ಳವಲ್ದು' ಎಂದು ನೀವು ಹೇಳಿದರೆ ಅವನಿಗೆ ಸಾಲದು, 'ಏನಂತೈತಿ?' ಎನ್ನುತ್ತಾನೆ. ಸೆಲ್ಫ್ ಸ್ಟಾರ್ಟರ್ ಎಂಬ ಎರಡು ಮಾತಿನಲ್ಲಿ ಜನ ಎರಡನೆಯದನ್ನು ಬಿಟ್ಟು 'ತಾನು' ಎಂಬ ಅರ್ಥದ ಮೊದಲನೆಯದನ್ನೇ ಹೆಸರಾಗಿ ಉಳಿಸಿಕೊಂಡರು. ಬ್ಯಾಟರಿ, ತಂತಿ, ಸ್ವಿಚ್ಚುಗಳ ಹಂಗಿನಲ್ಲಿ ಬದುಕುವ ಈ ಭಾಗಕ್ಕೆ 'ತಾನು' ಎಂದು ಹೆಸರು ಬಿದ್ದದ್ದು ಭಾಷೆಯ ಒಂದು ತಮಾಷೆ.

ಕೀಲಿ ತಿರುಗಿಸಿದಾಗ 'ಟಕ್' ಎಂದು ಒಂದೇ ಸದ್ದು ಬಂದು ಸುಮ್ಮನಾದರೆ, ಅಥವಾ ಟಕಟಕ ಎಂದು ಹಲ್ಲು ಕಡಿದರೆ, ಹೆಡ್‌ಲೈಟು ಹಾಕಿ ಮತ್ತೆ ಕೀಲಿ ತಿರುಗಿಸಿ ನೋಡಿ. ದೀಪ ಎಣ್ಣೆ ಮುಗಿದ ಹಣತೆಯಂತೆ ಕುಗ್ಗಿದರೆ ಬ್ಯಾಟರಿ ಬರಿದಾಗಿದೆ ಇಲ್ಲವೆ ಅದರ ಜೋಡಣೆ ಸಡಿಲಾಗಿದೆ. ದೀಪ ಒಂದಿಷ್ಟೂ ಅಲುಗದೆ ಉರಿದು ಸ್ಟಾರ್ಟರು ಮೌನವಾಗಿದ್ದರೆ ಕರೆಂಟು ಅಲ್ಲಿಯವರೆಗೆ ಹೋಗುತ್ತಲೇ ಇಲ್ಲ. ಸ್ವಿಚ್ಚು, ಸೊಲೆನಾಯ್ಡು, ತಂತಿ, ಸ್ಟಾರ್ಟರಿನ ಕುಂಚಗಳನ್ನು ನೋಡಬೇಕು. ಸ್ಟಾರ್ಟರು ಗುಂಯ್ ಎಂದು ಸುತ್ತಿ ಯಂತ್ರ ಮಾತ್ರ ತಿರುಗದಿದ್ದರೆ ಅದರ ಹಲ್ಲಿನ ಚಕ್ರವು ಯಂತ್ರದ ದೊಡ್ಡ ಚಕ್ರವನ್ನು ಕಚ್ಚುತ್ತಿಲ್ಲ. ಈ ಕಚ್ಚುವ ಬಿಡುವ ಉಪಾಯಕ್ಕೆ ವಿನ್ಸೆಂಟ್ ಬೆಂಡಿಕ್ಸ್ ಎಂಬವನ ಹೆಸರು ಅಂಟಿದ್ದು, ಗ್ಯಾರೇಜಿನಲ್ಲಿ ಇಂದಿಗೂ 'ಬೆಂಡಿಕ್ಸ್ ಹೋಗೈತಿ' ಎನ್ನುತ್ತಾರೆ. ಕೆಲವೊಮ್ಮೆ ಅದು ಕಚ್ಚಿದ್ದನ್ನು ಬಿಡದೆ ಸಿಕ್ಕಿಬೀಳುತ್ತಿತ್ತು. ಆಗ ಕಾರನ್ನು ಮೇಲಿನ ಗೇರಿನಲ್ಲಿಟ್ಟು ಕೀಲಿ ಆರಿಸಿ ಹಿಂದೆ ಮುಂದೆ ತೂಗುವುದು ಹಳಬರ ಕ್ರಮ. ಬ್ರಿಟಿಷ್ ಮಾದರಿಯ ಸ್ಟಾರ್ಟರುಗಳ ದಂಡದ ತುದಿಯನ್ನು ಇದಕ್ಕಾಗಿಯೇ ಚೌಕವಾಗಿ ಮಾಡಿರುತ್ತಿದ್ದರು; ಪಾನಾ ಹಾಕಿ ತಿರುಗಿಸಿದರೆ ಬಿಡುಗಡೆ. ಇನ್ನು ಸ್ಟಾರ್ಟರೂ ಯಂತ್ರವೂ ಚುರುಕಾಗಿ ತಿರುಗಿ, ಯಂತ್ರ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂಷಿಸುವುದು ಅನ್ಯಾಯ. ಅಲ್ಲಿ ಕಿಡಿಯನ್ನೋ ಪೆಟ್ರೋಲನ್ನೋ ಹುಡುಕಬೇಕು. ಮಳೆಗಾಲದಲ್ಲಿ ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂಡುತ್ತಿತ್ತು, ಒಣ ಬಟ್ಟೆಯಿಂದ ಒರಸಿದರೆ ಸಾಕಾಗುತ್ತಿತ್ತು. ಬೇಸಿಗೆಯಲ್ಲಿ ಮುಂಡರಗಿಯ ದಾರಿಯಲ್ಲಿ ನಿಂತ ಅಂಬಾಸಡರಿನ ಪೆಟ್ರೋಲು ಪಂಪಿನ ಕಾವಿಗೆ ಹಬೆಯಾಗುತ್ತಿತ್ತು. ಪಂಪಿನ ಮೇಲೆ ಒದ್ದೆ ಅರಿವೆ ಹಾಕಿ ಕಾಯಬೇಕು. ಇದನ್ನರಿಯದೆ ಸೆಲ್ಫ್ ಹೊಡೆದು ಹೊಡೆದು ಒಳ್ಳೆಯ ಬ್ಯಾಟರಿಯನ್ನು ಬರಿದು ಮಾಡಿದವರು ಬಹಳ. ಒಂದು ರೋಗಕ್ಕೆ ಬಂದವರು ಎರಡು ರೋಗ ಹೊತ್ತು ಗ್ಯಾರೇಜಿಗೆ ಹೋದಂತೆ.

ಬ್ಯಾಟರಿಯ ಮೂಡೆಗಳ ಮೇಲೆ ಬಿಳಿ ಇಲ್ಲವೆ ಹಸಿರು ಪುಡಿ ಬೆಳೆದಿದ್ದರೆ ಮೊದಲ ಚಿಕಿತ್ಸೆ ಅಲ್ಲಿಯೇ. ಸ್ಟಾರ್ಟರು ನೂರು ಆಂಪಿಯರಿಗೂ ಮೀರಿ ಕರೆಂಟು ಎಳೆಯುವ ಭಾಗ. ಕೂದಲೆಳೆಯಷ್ಟು ಪುಡಿಯೂ ಅದಕ್ಕೆ ಅಡ್ಡಗೋಡೆ. ದೀಪಕ್ಕೆ ಸಾಕಾಗುವ ದಾರಿ ಸ್ಟಾರ್ಟರಿಗೆ ಸಾಲದು. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಬಹಳ ಜನ ಮರೆಯುತ್ತಾರೆ, ಅದೂ ಇದೇ ದಾರಿಯ ಅರ್ಧ. ಹಿತ್ತಾಳೆ ತಾಮ್ರ ಬೆಳಗಿ ಬಲ್ಲ ಮನೆಯವರಿಗೆ ಇಲ್ಲಿ ಹುಣಿಸೆಹಣ್ಣಿನ ನೆನಪಾಗಬಹುದು. ಅದು ಬೇಡ. ಹುಳಿಯ ಕಾಟಕ್ಕೆ ಹುಳಿ ಮದ್ದಲ್ಲ. ಅಡುಗೆ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ತೊಳೆದು, ನೀರು ಬ್ಯಾಟರಿಯ ಒಳಗೆ ಹೋಗದಂತೆ ನೋಡಿಕೊಂಡು, ಒರಸಿ, ತಿಕ್ಕಿ, ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ಬಿಚ್ಚುವಾಗ ಕಾರಿನ ಮೈಗೆ ಕೂಡಿಸಿದ ತಂತಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಇಂದಿನ ಕಾರುಗಳಲ್ಲಿ ಅದು ಋಣದ ತಂತಿ; ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಧನವೇ ಮೈಗೆ ಕೂಡಿರುತ್ತಿತ್ತು. ಆದ್ದರಿಂದ ಹಳೆಯ ಗಾಡಿ ಕೈಗೆ ಬಂದರೆ ಗುರುತನ್ನು ಓದಿಯೇ ಮುಟ್ಟಬೇಕು.

ನೀರಿನ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ಸಂಕಟವಿದೆ. ಲಕ್ಕುಂಡಿಗೆ ನೂರೊಂದು ಬಾವಿಯ ಕೀರ್ತಿಯಿದ್ದರೂ ಬ್ಯಾಟರಿಗೆ ಕುಡಿಯಲು ಅವುಗಳಲ್ಲಿ ಒಂದರ ನೀರೂ ಆಗದು. ಮುಂಡರಗಿಯ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿ ಜನರ ಹಲ್ಲು ಎಲುಬುಗಳಿಗೇ ಕೇಡಾಗಿರುವುದು ಎಲ್ಲರಿಗೂ ತಿಳಿದದ್ದು. ಅಂಥ ಸವಳು ನೀರಿನ ಲವಣಗಳು ಬ್ಯಾಟರಿಯ ಫಲಕಗಳನ್ನು ಕೆಡಿಸುತ್ತವೆ. ಅದಕ್ಕೆ ಬಟ್ಟಿಯಿಳಿಸಿದ ನೀರೇ ಬೇಕು. ಫಲಕ ಮುಳುಗಿ ಮೇಲೆ ಸ್ವಲ್ಪ ನಿಲ್ಲುವಷ್ಟು ಹಾಕಿದರಾಯಿತು. ನೀರು ಕಡಿಮೆಯಾಯಿತೆಂದು ಆಮ್ಲ ಸುರಿಯುವುದು ದೊಡ್ಡ ತಪ್ಪು. ಆರಿದ್ದು ನೀರು, ಆಮ್ಲವಲ್ಲ. ಆಮ್ಲದ ಬಲವನ್ನು ಉಸ್ತಾದನು ಗಾಜಿನ ಕೊಳವೆಯೊಳಗೆ ತೇಲುವ ಮಾಪಕದಿಂದ ಅಳೆದು 'ಗ್ರಾವಿಟಿ' ಹೇಳುತ್ತಾನೆ. ೧.೨೫ರಿಂದ ೧.೨೮ರವರೆಗೆ ಇದ್ದರೆ ತುಂಬಿದ ಹೊಟ್ಟೆ, ೧.೧೫ರ ಆಸುಪಾಸಿಗೆ ಇಳಿದರೆ ಉಪವಾಸ. ಆರರಲ್ಲಿ ಐದು ಕೋಣೆ ಚೆನ್ನಾಗಿದ್ದು ಒಂದೇ ಬಹಳ ಇಳಿದಿದ್ದರೆ ಆ ಬ್ಯಾಟರಿಗೆ ಚಾರ್ಜು ಮಾಡಿಸಿ ದುಡ್ಡು ಕಳೆಯಬೇಡಿ.

ಪಾಶ್ಚಾತ್ಯರ ಕೈಪಿಡಿಗಳು ಬ್ಯಾಟರಿಯ ಶತ್ರು ಹಿಮವೆಂದು ಪುಟಗಟ್ಟಲೆ ಬರೆದಿವೆ. ನಮ್ಮಲ್ಲಿ ಶತ್ರು ಬಿಸಿಲು. ಚಳಿಯು ಬ್ಯಾಟರಿಯ ಶಕ್ತಿಯನ್ನು ಆ ಹೊತ್ತಿಗೆ ಕುಗ್ಗಿಸುತ್ತದೆ, ಕಾವು ಅದರ ಆಯುಷ್ಯವನ್ನೇ ತಿನ್ನುತ್ತದೆ. ನೀರು ಆರುತ್ತದೆ, ಫಲಕದ ಜಾಲರಿ ಸವೆಯುತ್ತದೆ. ಬಿಸಿ ಸೀಮೆಗಳಿಗೆ ಹಿಂದೆ ಆಮ್ಲವನ್ನು ಇನ್ನೂ ತೆಳುವಾಗಿ ಬೆರೆಸಿ ತುಂಬುತ್ತಿದ್ದುದು ಇದರಿಂದಲೇ. ಮೋಸವೆಂದರೆ, ಬೇಸಿಗೆಯಲ್ಲಿ ಎಣ್ಣೆ ತೆಳುವಾಗಿ ಯಂತ್ರ ಹಗುರಾಗಿ ತಿರುಗುವುದರಿಂದ ಮುದಿಯಾದ ಬ್ಯಾಟರಿಯೂ ಕೆಲಸ ಸಾಗಿಸುತ್ತದೆ. ಏಪ್ರಿಲಿನಲ್ಲಿ ಪಟ್ಟ ಪೆಟ್ಟು ಮಾಗಿಯ ಮೊದಲ ತಣ್ಣನೆಯ ಮುಂಜಾನೆ ಬಯಲಿಗೆ ಬರುತ್ತದೆ.

ಬ್ಯಾಟರಿ ಹೊಸದಿದ್ದೂ ಪದೇ ಪದೇ ಇಳಿದರೆ ತುಂಬಿಸುವ ಯಂತ್ರವನ್ನು ನೋಡಬೇಕು. ಹಳೆಯ ಡೈನಮೊ ಯಂತ್ರವು ನಿಧಾನ ನಡೆದಾಗ ಏನನ್ನೂ ಕೊಡುತ್ತಿರಲಿಲ್ಲ. ಸಂತೆಯ ಗದ್ದಲದಲ್ಲಿ ದೀಪ ಹಾಕಿ ತೆವಳಿದರೆ ಬ್ಯಾಟರಿಗೆ ಖರ್ಚೇ ಹೊರತು ಜಮೆಯಿಲ್ಲ. ೧೯೬೦ರ ನಂತರ ಹಬ್ಬಿದ ಆಲ್ಟರ್ನೇಟರು ನಿಧಾನದಲ್ಲಿಯೂ ದುಡಿಯುತ್ತದೆ. ಯಂತ್ರ ನಡೆದಾಗ ಬ್ಯಾಟರಿಯ ಮೇಲೆ ಸುಮಾರು ೧೩.೮ರಿಂದ ೧೪.೪ ವೋಲ್ಟು ಕಂಡರೆ ಅದು ಆರೋಗ್ಯವಾಗಿದೆ. ನಿಂತ ಕಾರಿನ ಬ್ಯಾಟರಿಯನ್ನೇ ರಾತ್ರಿಯಿಡೀ ಕದಿಯುವ ಸಣ್ಣ ಕಳ್ಳರೂ ಉಂಟು: ಡಿಕ್ಕಿಯ ದೀಪ, ಹೊರಗಿನಿಂದ ಕೂಡಿಸಿದ ಸಂಗೀತದ ಪೆಟ್ಟಿಗೆ.

ದಬ್ಬಿ ಹೊರಡಿಸುವುದು ನಮ್ಮ ಊರುಗಳ ಸಾರ್ವಜನಿಕ ಸೇವೆಯಾಗಿತ್ತು; ಚಹಾದ ಅಂಗಡಿಯ ಮುಂದೆ ಕೂತವರು ಕರೆಯದೆಯೇ ಎದ್ದು ಬರುತ್ತಿದ್ದರು. ಕ್ಲಚ್ಚಿನ ಕಾರಿಗೆ ಅದು ಇಂದಿಗೂ ಆದೀತು, ಆಟೊಮ್ಯಾಟಿಕ್ ಗೇರಿನದಕ್ಕೆ ಆಗದು. ಅದಕ್ಕಿಂತ ಇನ್ನೊಂದು ಬ್ಯಾಟರಿಯಿಂದ ಕರೆಂಟನ್ನು ಕಡ ತರುವುದು ಮೇಲು. ಧನಕ್ಕೆ ಧನ ಜೋಡಿಸಿ, ಒಳ್ಳೆಯ ಬ್ಯಾಟರಿಯ ಋಣದ ತಂತಿಯ ಇನ್ನೊಂದು ತುದಿಯನ್ನು ಬರಿದಾದ ಬ್ಯಾಟರಿಗೆ ಮುಟ್ಟಿಸದೆ, ಅದ��ಿಂದ ದೂರ ಯಂತ್ರದ ಲೋಹಕ್ಕೆ ಜೋಡಿಸಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಏಳುತ್ತದೆ, ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಅದಕ್ಕೆ ತಗಲಿದರೆ ಆಮ್ಲ ಮುಖಕ್ಕೆ ಸಿಡಿಯುತ್ತದೆ. ಕತ್ತಲೆಯಲ್ಲಿ ಬ್ಯಾಟರಿಯ ನೀರು ನೋಡಲು ಕಡ್ಡಿ ಗೀರುವುದು, ಬೀಡಿ ಸೇದುತ್ತ ಬಗ್ಗುವುದು ಕಣ್ಣನ್ನೇ ಪಣಕ್ಕಿಟ್ಟಂತೆ. ಆಮ್ಲ ಕಣ್ಣಿಗೆ ಬಿದ್ದರೆ ಒಡನೆಯೇ ಬಹಳ ಹೊತ್ತು ತಣ್ಣೀರಿನಿಂದ ತೊಳೆಯುತ್ತ ದವಾಖಾನೆಗೆ ಹೋಗಬೇಕು.

ವಿದ್ಯುತ್ ಕಾರುಗಳು ಈಗ ಗದಗಿನ ರಸ್ತೆಗೂ ಮರಳಿ ಬಂದಿವೆ. ಅವುಗಳಲ್ಲಿ ಹೆಚ್ಚಿನವುಗಳ ಒಳಗೂ ದೊಡ್ಡ ಬ್ಯಾಟರಿಯ ಜೊತೆಗೆ ಹನ್ನೆರಡು ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಅದು ಇಳಿದರೆ ಬಾಗಿಲು ಬೀಗ, ಗಣಕಗಳು ಏಳದೆ, ತುಂಬಿದ ಹೊಟ್ಟೆಯ ಕಾರು ಅಲ್ಲಿಯೇ ನಿಲ್ಲುತ್ತದೆ.

ಈ ಚರಿತ್ರೆಯ ಒಂದು ಅಧ್ಯಾಯ ಮಾತ್ರ ಇನ್ನೂ ಗಾಯ ಮಾಡುತ್ತಲೇ ಇದೆ. ಸೀಸವನ್ನು ಎಷ್ಟು ಸಲ ಕರಗಿಸಿದರೂ ಮತ್ತೆ ಫಲಕ ಮಾಡಬಹುದು. ಹಾಗಾಗಿ ಸತ್ತ ಬ್ಯಾಟರಿಗೂ ಬೆಲೆಯುಂಟು. ಆ ಬೆಲೆಯ ಆಸೆಗೆ ಹಿತ್ತಲಲ್ಲಿ ಪೆಟ್ಟಿಗೆ ಒಡೆದು, ಆಮ್ಲವನ್ನು ಗಟಾರಕ್ಕೆ ಚೆಲ್ಲಿ, ಬೋಗುಣಿಯಲ್ಲಿ ಸೀಸ ಕರಗಿಸುವವರು ದೇಶದಲ್ಲೆಲ್ಲ ಇದ್ದಾರೆ. ಆ ಹೊಗೆ, ಧೂಳು ಮೊದಲು ಸೇರುವುದು ನೆಲದ ಮೇಲೆ ಆಡುವ ಮಕ್ಕಳ ಮೈಯನ್ನು, ಕೆಡಿಸುವುದು ಅವರ ಬುದ್ಧಿಯ ಬೆಳವಣಿಗೆಯನ್ನು. ಜಗತ್ತಿನಲ್ಲಿ ಸುಮಾರು ೮೦ ಕೋಟಿ ಮಕ್ಕಳ ರಕ್ತದಲ್ಲಿ ಕಳವಳಪಡಬೇಕಾದಷ್ಟು ಸೀಸವಿದೆಯೆಂದು ಯುನಿಸೆಫ್ ೨೦೨೦ರಲ್ಲಿ ಹೇಳಿತು. ಅದಕ್ಕೆ ದೊಡ್ಡ ಕಾರಣವೆಂದು ತೋರಿಸಿದ್ದು ಹೀಗೆ ಕರಗಿಸುವ ಹಳೆಯ ಬ್ಯಾಟರಿಗಳನ್ನೇ. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಮುಖ ನೋಡುತ್ತ ಬಂದವನಿಗೆ ಈ ಲೆಕ್ಕವನ್ನು ಸುಮ್ಮನೆ ಓದಿ ಮಡಿಸಿಡುವುದು ಆಗದು. ೨೦೦೧ರ ಬ್ಯಾಟರಿ ನಿಯಮಗಳು ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು ಮಾರುವವರ ಮೇಲೆ ಹೊರಿಸಿದವು, ೨೦೨೨ರ ನಿಯಮಗಳು ತಯಾರಕರ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿದವು. ಆದ್ದರಿಂದ ಹೊಸ ಬ್ಯಾಟರಿ ಕೊಳ್ಳುವ ದಿನ ಹಳೆಯದನ್ನು ಬೀದಿಯ ಗುಜರಿಯವನಿಗೆ ಹಾಕದೆ ಅಂಗಡಿಗೇ ಒಯ್ಯಿರಿ. ಅದರ ಬೆಲೆಯನ್ನು ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ಹಾಗೆ ಕಳೆದದ್ದನ್ನು ರಸೀದಿಯಲ್ಲಿ ಬರೆಸಿಕೊಳ್ಳಿರಿ.